ಹಿಂಬಾಗಿಲಿನ ಡೇರೆ

ನನ್ನ ತಂಗಿಯ ಮಗನು ಕಾರಿನ ಹಿಂಬಾಗಿಲಿಗೆ ತಗುಲಿಸುವಂತಹ ಡೇರೆಯೊಂದನ್ನು ತರಿಸಿ, ಅದರ ಪ್ರಥಮ ಪರೀಕ್ಷೆಗೆ ಪಾಂಡವಪುರದ ಕುಂತಿಬೆಟ್ಟದ ಕಡೆಯ ನಮ್ಮ ಹಳೆಯ ತೋಟವೇ ತಕ್ಕ ಸ್ಥಳವೆಂದು ನಿಶ್ಚಯಿಸಿ, "ಮಾವ, ನೀವೂ ಬರಲೇಬೇಕು" ಎಂದು ಹಟ ಹಿಡಿದಾಗ, ಎಪ್ಪತ್ತರ ಸೊಂಟವು ನೆಲದ ಹಾಸಿಗೆಯನ್ನು ಸಹಿಸೀತೆ ಎಂಬ ಶಂಕೆಗಿಂತ ಮೊದಲು ನನಗೆ ನೆನಪಾದುದು ಆ ಊರಿನ ಹಿಂದಿನ ಹೆಸರು. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರು. ಅಲ್ಲಿ ಡೇರೆ ಹಾಕಲು ಒಲ್ಲೆನೆನ್ನುವುದೆಂತು?

ಹಿಂಬಾಗಿಲನ್ನು ಮೇಲೆತ್ತಿ, ಬಟ್ಟೆಯ ತೋಳನ್ನು ಅದಕ್ಕೆ ಅಂಗಿಯಂತೆ ತೊಡಿಸಿ, ಕುಣಿಕೆಗಳನ್ನು ಚಕ್ರಗಳಿಗೆ ಸಿಕ್ಕಿಸಿ, ಗೂಟ ಹೊಡೆದರೆ ಮುಗಿಯಿತೆಂದು ಹುಡುಗನ ಮತ. ಅಂಗಿಯನ್ನು ಎರಡು ಸಲ ಒಳಮೈ ಹೊರಗಾಗಿ ತೊಡಿಸಿದೆವು. ಈ ಯುಕ್ತಿಯನ್ನು ಅವನು ನವೀನವೆಂದು ಕೊಂಡಾಡುತ್ತಿದ್ದನು, ನಾನು ಒಪ್ಪಲಿಲ್ಲ. ವೈರಮುಡಿಗೆಂದು ಮೇಲುಕೋಟೆಗೆ ಹೋಗುವಾಗ ನಮ್ಮ ತಾತನವರು ಕಮಾನು ಗಾಡಿಯ ಕೊರಳು ಬಿಚ್ಚಿಸಿ, ಮೂಕಿಗೆ ಊರುಗೋಲು ಕೊಟ್ಟು, ಕಮಾನಿನ ಹಿಂದಿನ ಬಾಯಿಂದ ಎರಡು ಗಳುಗಳವರೆಗೆ ಜಮಖಾನವನ್ನು ಎಳೆದು ಕಟ್ಟಿಸುತ್ತಿದ್ದರು. ಒಳಗೆ ಹೆಂಗಸರು, ಜಮಖಾನದ ಅಡಿಯಲ್ಲಿ ನಾವು ಮಕ್ಕಳು, ತಲೆಯ ಬಳಿಯಲ್ಲಿ ರಾತ್ರಿಯೆಲ್ಲ ಮೆಲುಕು ಹಾಕುವ ಎತ್ತುಗಳು. ಎತ್ತುಗಳ ಉಸಿರಿನ ಬಿಸುಪು ನಮ್ಮ ಹುಡುಗನ ಡೇರೆಯೊಡನೆ ಬಂದ ಸಾಮಗ್ರಿಗಳಲ್ಲಿ ಇರಲಿಲ್ಲ.

ಡೇರೆಯೆಂದರೆ ನನ್ನ ಚಿತ್ತವು ಹರಿಯುವುದು ಟಿಪ್ಪುವಿನ ಡೇರೆಯ ಕಡೆಗೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ದೋಚಿದ ಕತ್ತಿ, ಸಿಂಹಾಸನದ ಹುಲಿಮುಖಗಳ ಕಥೆಯನ್ನು ಎಲ್ಲರೂ ಬಲ್ಲರು. ಬಟ್ಟೆಯ ಕಥೆಯನ್ನು ಕೇಳುವವರಿಲ್ಲ. ಹೂದಾನಿಗಳಿಂದ ಪುಷ್ಪಗುಚ್ಛಗಳು ಮೇಲೇಳುವ ಚಿತ್ರವಿರುವ ಆ ಚೀಟಿಬಟ್ಟೆಯ ಡೇರೆಯು ಅಂದಿನ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಸೇರಿ, ಸಮುದ್ರವನ್ನು ದಾಟಿ, ವೇಲ್ಸಿನ ಪೊವಿಸ್ ದುರ್ಗದಲ್ಲಿ ಉದ್ಯಾನದ ಔತಣಗಳಿಗೆ ಚಪ್ಪರವಾಯಿತು. ಯುದ್ಧಮಂತ್ರಾಲೋಚನೆಯನ್ನು ಕೇಳಿರಬಹುದಾದ ಬಟ್ಟೆಯು ಚಹದ ಬಟ್ಟಲುಗಳ ಕಿಣಿಕಿಣಿಯನ್ನು ಕೇಳುತ್ತ ಆ ದೇಶದ ಜಡಿಮಳೆಯಲ್ಲಿ ಹೇಗೆ ನಿಂತಿತ್ತೋ ಎಂದು ಯೋಚಿಸಿದಾಗಲೆಲ್ಲ ನನಗೆ ಅರಸನಿಗಿಂತ ಅರಸನ ಡೇರೆಯ ಮೇಲೆಯೇ ಕನಿಕರ ಹೆಚ್ಚು. ಈ ಪಕ್ಷಪಾತವನ್ನು ಇತಿಹಾಸಕಾರರು ಕ್ಷಮಿಸಬೇಕು. ದಂಡಿನ ಭಾರವನ್ನು ಎಳೆದವುಗಳನ್ನಾದರೂ ಅವರು ಮರೆತಿಲ್ಲ: ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿ, ಅವುಗಳ ಹೋರಿಗಳು ತೋಪುಗಳನ್ನು ಎಳೆದು, ಪಟ್ಟಣ ಬಿದ್ದಮೇಲೆ ಗೆದ್ದವರ ತೋಪುಗಳನ್ನೂ ಅಷ್ಟೇ ನಿಷ್ಠೆಯಿಂದ ಎಳೆದವು.

ಈ ವೃತ್ತಾಂತವನ್ನು ಹೇಳುತ್ತಿರುವಾಗಲೇ ಹುಡುಗನು ಗೊರಕೆ ಹೊಡೆಯತೊಡಗಿದ್ದನು. ಎತ್ತಿದ ಹಿಂಬಾಗಿಲಿನ ದೀಪವು ಬೆಳುದಿಂಗಳಿನಂತೆ ನಮ್ಮ ಮೇಲೆ ಸುರಿಯುತ್ತಿದ್ದಿತು. ರಮ್ಯವೆಂದು ನಾನೂ ಅದನ್ನು ಆರಿಸುವ ಗೋಜಿಗೆ ಹೋಗಲಿಲ್ಲ. ಬಾಗಿಲು ತೆರೆದಿರುವವರೆಗೆ ದೀಪವು ಉರಿಯುವುದೆಂಬುದೂ, ದೀಪವು ಉರಿದಷ್ಟೂ ಬ್ಯಾಟರಿಯು ಸೊರಗುವುದೆಂಬುದೂ ಬೆಳಗಾದಮೇಲೆ ತಿಳಿಯಿತು. ಕೀಲಿಯನ್ನು ತಿರುವಿದರೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ತಾತನವರ ಗಾಡಿಯನ್ನು ಎಳೆಯುವವು ಗಾಡಿಯ ಹೊರಗೆ ಹುಲ್ಲು ತಿನ್ನುತ್ತಿದ್ದವು. ಇದನ್ನು ಎಳೆಯುವುದು ಇದರ ಹೊಟ್ಟೆಯೊಳಗೇ ಸತ್ತಿತ್ತು.

ಪಕ್ಕದ ಹೊಲಕ್ಕೆ ಉಳಲು ಬಂದಿದ್ದ ರೈತನೊಬ್ಬನು ತನ್ನ ಹಳ್ಳಿಕಾರ್ ಜೋಡಿಯನ್ನು ಹೊಡೆದುಕೊಂಡು ಬಂದನು. ರಸ್ತೆಯ ಇಳಿಜಾರಿನವರೆಗೆ ಎಳೆದುಕೊಟ್ಟರೆ ಸಾಕೆಂದು ಹುಡುಗನು ಸಂಕೋಚದಿಂದ ವಿವರಿಸಿದನು. ರೈತನು ಕಾರಿನ ಮೂತಿಗೆ ಹಗ್ಗವನ್ನು ಬಿಗಿದು, ಹಿಂದಕ್ಕೆ ಬಂದು, ಗೂಟಗಳನ್ನೂ, ಕಡ್ಡಿಗಳನ್ನೂ, ಒಳಗೆ ಕಂಬಳಿ ಹೊದ್ದು ಕುಳಿತಿದ್ದ ನನ್ನನ್ನೂ ಒಮ್ಮೆ ಸಾವಧಾನವಾಗಿ ನೋಡಿ ಕೇಳಿದನು:

"ಸ್ವಾಮಿ, ಮನೆ ಸಮೇತ ಎಳೀಬೇಕಾ, ಬರೀ ಗಾಡಿನಾ?"