ಅತ್ತಿಗೆಯ ಕಾರಿಗೊಂದು ಬೀಸಣಿಗೆ

ನಮ್ಮ ಅಣ್ಣನ ಮನೆಯ ಬಿಳಿಯ ಅಂಬಾಸಿಡರ್ ಕಾರನ್ನು ಬಂಧುಗಳೆಲ್ಲರೂ ಬಲ್ಲಿರಿ. ನಮ್ಮ ಕುಟುಂಬದ ಎಷ್ಟು ಮದುಮಕ್ಕಳು ಅದರಲ್ಲಿ ಕುಳಿತು ಕಲ್ಯಾಣಮಂಟಪ ತಲುಪಿದ್ದಾರೋ ಲೆಕ್ಕವಿಟ್ಟವರಿಲ್ಲ. ಈಚೆಗೆ ಅದರ ರೇಡಿಯೇಟರಿಗೆ ವಿದ್ಯುತ್ ಫ್ಯಾನ್ ಹಾಕಿಸಿದ ಸುದ್ದಿ ತಿಳಿದು, ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ವಿವರ ಕೇಳಿದ್ದಾರೆ. ಮೂರು ದಶಕ ಭೌತಶಾಸ್ತ್ರ ಪಾಠ ಹೇಳಿದವನಿಗೆ ಇಂತಹ ಪ್ರಶ್ನೆ ಸಿಕ್ಕರೆ ಸುಮ್ಮನಿರುವುದು ಕಷ್ಟ. ಆದ್ದರಿಂದ ತುಸು ದೀರ್ಘವಾಗಿಯೇ ಬರೆಯುತ್ತೇನೆ, ಬೇಸರಿಸಬಾರದು.

ಅದು 1984ರ ಮಾರ್ಕ್ 4 ಮಾದರಿ, 1489 ಸಿ.ಸಿ. ಪೆಟ್ರೋಲ್ ಎಂಜಿನ್. ಸಕಲೇಶಪುರದಲ್ಲಿ ವೈದ್ಯನಾಗಿದ್ದ ಅಣ್ಣ ಕಾಫಿ ತೋಟಗಳ ರೋಗಿಗಳನ್ನು ನೋಡಲು ಮಳೆಗಾಲದ ರಾತ್ರಿಗಳಲ್ಲಿ ಓಡಾಡಿದ್ದು ಇದರಲ್ಲಿಯೇ. ಅವನು 2011ರಲ್ಲಿ ತೀರಿಕೊಂಡ ಬಳಿಕ ಕಾರು ಅತ್ತಿಗೆಯದಾಯಿತು. ಅವರ ಉಬ್ಬಸ ಹೆಚ್ಚಾದಾಗ, ಧೂಳು ಹೊಗೆ ಒಳಗೆ ಬಾರದಿರಲೆಂದು 2016ರಲ್ಲಿ ಹವಾನಿಯಂತ್ರಣ ಯಂತ್ರವನ್ನೂ, ಅದಕ್ಕೆ ತಕ್ಕಂತೆ ಡೈನಮೋ ಬದಲಿಗೆ ಆಲ್ಟರ್ನೇಟರನ್ನೂ ಕೂಡಿಸಲಾಯಿತು. ಹೀಗೆ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಕಾರು ಅದಾಗಲೇ ಅರ್ಧ ಬದಲಾಗಿತ್ತು.

ಅತ್ತಿಗೆ ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಶ್ವಾಸಕೋಶ ತಜ್ಞರ ಬಳಿ ಹೋಗಬೇಕು. ಸುಮಾರು 220 ಕಿಲೋಮೀಟರ್ ಪ್ರಯಾಣ. ಹಾಸನ, ಕುಣಿಗಲ್ ದಾಟುವವರೆಗೂ ಕಾರಿನ ಉಷ್ಣತಾಮಾಪಕದ ಮುಳ್ಳು ಸಾಧುವಿನಂತೆ ನಡುವಿನಲ್ಲಿ ನಿಂತಿರುತ್ತಿತ್ತು. ನೆಲಮಂಗಲ ದಾಟಿ ಗೊರಗುಂಟೆಪಾಳ್ಯದ ವಾಹನಸಾಗರದಲ್ಲಿ ಸಿಕ್ಕಿಕೊಂಡೊಡನೆ ಅದು ಏರತೊಡಗುತ್ತಿತ್ತು. ಆಗ ಹವಾನಿಯಂತ್ರಣ ನಿಲ್ಲಿಸಿ ಕಿಟಕಿ ಇಳಿಸಲೇಬೇಕು. ಇಳಿಸಿದರೆ ಲಾರಿಗಳ ಹೊಗೆ ನೇರವಾಗಿ ಅವರ ಮುಖಕ್ಕೆ. ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ, ವೈದ್ಯರ ಬಳಿ ಹೋಗುವ ದಾರಿಯಲ್ಲಿಯೇ ಉಬ್ಬಸ ವಿಪರೀತವಾಗಿ ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ವಿದೇಶದಲ್ಲಿರುವ ಮಗ ಕೂಡಲೇ ಫೋನು ಮಾಡಿ, ಕಾರನ್ನು ಮಾರಿ ಹೊಸದನ್ನು ಕೊಳ್ಳೋಣವೆಂದ. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ತಾಯಿಯ ಉಸಿರಿಗಿಂತ ತಂದೆಯ ಕಾರು ದೊಡ್ಡದಲ್ಲ. ಅತ್ತಿಗೆ ಹೆಚ್ಚು ಮಾತನಾಡುವವರಲ್ಲ. "ಜೂನ್ ತಿಂಗಳವರೆಗೆ ಸಮಯ ಕೊಡು" ಎಂದಷ್ಟೇ ಹೇಳಿ ನನ್ನ ಕಡೆ ನೋಡಿದರು. ಮುಂದಿನ ಪ್ರಯಾಣದೊಳಗೆ ದೋಷ ನೀಗದಿದ್ದರೆ ಕಾರು ಮಾರುವುದೆಂದು ತೀರ್ಮಾನವಾಯಿತು.

ಇನ್ನು ಕಾರಣಕ್ಕೆ ಬರೋಣ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಭಾಗ ಎಂಜಿನ್ನನ್ನು ತಂಪುಗೊಳಿಸುವ ನೀರಿಗೆ ಶಾಖವಾಗಿ ಸೇರುತ್ತದೆ. ರೇಡಿಯೇಟರ್ ಆ ಶಾಖವನ್ನು ಗಾಳಿಗೆ ಒಪ್ಪಿಸಬೇಕು. ಈ ಕಾರಿನಲ್ಲಿ ಫ್ಯಾನನ್ನು ನೀರಿನ ಪಂಪಿನ ರಾಟೆಗೇ ಬಿಗಿದಿರುತ್ತಾರೆ; ಎಂಜಿನ್ ತಿರುಗಿದಷ್ಟೇ ಅದೂ ತಿರುಗುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿ ಧಾರಾಳವಾಗಿ ಸಿಗುವಾಗ ಫ್ಯಾನ್ ಸುಮ್ಮನೆ ಭರಭರನೆ ಸುತ್ತುತ್ತದೆ. ಸಿಗ್ನಲ್ಲಿನಲ್ಲಿ ಗಾಳಿಯೇ ಇಲ್ಲದಾಗ ಎಂಜಿನ್ ನಿಮಿಷಕ್ಕೆ 700 ಸುತ್ತಿಗೆ ಇಳಿದಿರುತ್ತದೆ, ಫ್ಯಾನೂ ಮಂದವಾಗುತ್ತದೆ. ವೇಗ ಐದು ಪಟ್ಟಾದರೆ ಫ್ಯಾನ್ ಎಳೆಯುವ ಗಾಳಿ ಐದು ಪಟ್ಟು, ಅದು ನುಂಗುವ ಶಕ್ತಿಯಾದರೋ ನೂರಿಪ್ಪತ್ತೈದು ಪಟ್ಟು. ಎಂದರೆ ಬೇಡದಾಗ ದುಂದು, ಬೇಕಾದಾಗ ಬರ. ಇದರ ಮೇಲೆ, ಹವಾನಿಯಂತ್ರಣದ ಕಂಡೆನ್ಸರ್ ರೇಡಿಯೇಟರಿನ ಮುಂದೆ ನಿಂತು, ತನ್ನ ಬಿಸಿಯನ್ನೂ ಅದೇ ಗಾಳಿಗೆ ಸೇರಿಸುತ್ತದೆ.

ಒಂಬತ್ತನೆಯ ತರಗತಿಯ ಪಾಠ ನೆನಪಿದೆಯೇ? ಸಕಲೇಶಪುರ, ಬೆಂಗಳೂರು ಎರಡೂ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಚದರಂಗುಲಕ್ಕೆ 7 ಪೌಂಡ್ ಒತ್ತಡ ಹಿಡಿದರೆ ಕುದಿಬಿಂದು ಹನ್ನೆರಡು ಡಿಗ್ರಿಯಷ್ಟು ಮೇಲೇರುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಆ ರಕ್ಷಣೆಯೂ ಇಲ್ಲ.

ಹಾಸನದಲ್ಲಿ ಗ್ಯಾರೇಜು ನಡೆಸುವ ನನ್ನ ಶಿಷ್ಯನೊಬ್ಬನಿದ್ದಾನೆ. ಹೆಸರು ಬರೆಯಬೇಡಿ ಎಂದಿದ್ದಾನೆ. ಅವನು ಫ್ಯಾನಿನ ಮಾತನ್ನು ಮೊದಲ ದಿನ ಎತ್ತಲೇ ಇಲ್ಲ. "ಸಾರ್, ಜ್ವರ ಬಂದವನಿಗೆ ಗಾಳಿ ಹಾಕಿದರೆ ಜ್ವರ ಹೋಗುತ್ತದೆಯೇ?" ಎಂದ. ರೇಡಿಯೇಟರನ್ನು ಕಳಚಿ, ಕೊಳವೆಗಳೊಳಗೆ ಗಡಸು ನೀರು ಕಟ್ಟಿದ್ದ ಕರೆಯನ್ನು ತೆಗೆಸಿದ. ಮುಚ್ಚಳ, ರಬ್ಬರ್ ಕೊಳವೆಗಳು, ಥರ್ಮೋಸ್ಟಾಟ್ ಹೊಸವಾದವು. ಇಗ್ನಿಷನ್ ಕಾಲವನ್ನು ಸರಿಪಡಿಸಿದ. ಇಷ್ಟಾದ ಮೇಲೆ ರಸ್ತೆಯಲ್ಲಿ ಓಡಿಸಿ ನೋಡಿದರೆ ಬಿಸಿ ಕಡಿಮೆಯಾಗಿತ್ತು. ಆದರೆ ಹವಾನಿಯಂತ್ರಣ ಹಾಕಿ ನಿಂತಲ್ಲೇ ನಿಲ್ಲಿಸಿದರೆ ಮುಳ್ಳು ಮತ್ತೆ ಏರುತ್ತಿತ್ತು. ದೋಷ ಗಾಳಿಯದೇ ಎಂಬುದು ಆಗ ಖಚಿತವಾಯಿತು.

ಬಳಿಕ ನಾವಿಬ್ಬರೂ ಕಾಗದದ ಮೇಲೆ ವಿದ್ಯುತ್ತಿನ ಲೆಕ್ಕ ಬರೆದೆವು. 80 ವಾಟಿನ ಎರಡು ಫ್ಯಾನುಗಳಿಗೆ 12 ವೋಲ್ಟಿನಲ್ಲಿ 13 ಆಂಪಿಯರಿಗೂ ಹೆಚ್ಚು ಬೇಕು. ಎರಡು ಮುಂದೀಪಗಳಿಗೆ ಸುಮಾರು 10. ಹವಾನಿಯಂತ್ರಣ, ಇಗ್ನಿಷನ್ ಬೇರೆ. ಹಳೆಯ ಡೈನಮೋ ಪೂರ್ಣವೇಗದಲ್ಲಿಯೂ ಕೊಡುತ್ತಿದ್ದುದು ಸುಮಾರು 20 ಆಂಪಿಯರ್. ಎಂಜಿನ್ ಮಂದವಾಗಿ ತಿರುಗುವಾಗ ಹೆಚ್ಚುಕಡಿಮೆ ಏನೂ ಇಲ್ಲ. ಡೈನಮೋ ಇರುವ ಕಾರಿಗೆ ಇಂತಹ ಫ್ಯಾನ್ ಹಾಕಿದರೆ, ಅದು ಬೇಕಾಗುವ ಗಳಿಗೆಯಲ್ಲಿಯೇ ಬ್ಯಾಟರಿ ಬರಿದಾಗುತ್ತದೆ. ನಮ್ಮ ಕಾರಿನಲ್ಲಿ ಆಲ್ಟರ್ನೇಟರ್ ಇದ್ದುದು ಪುಣ್ಯ.

ಹಳೆಯ ಫ್ಯಾನಿನ ಅಲಗುಗಳನ್ನು ಕಳಚಿದರೂ ರಾಟೆ ಮತ್ತು ಬೆಲ್ಟನ್ನು ಉಳಿಸಿಕೊಳ್ಳಲೇಬೇಕು. ನೀರಿನ ಪಂಪು, ಆಲ್ಟರ್ನೇಟರ್ ಎರಡನ್ನೂ ತಿರುಗಿಸುವುದು ಅದೇ. ತೆರವಾದ ಜಾಗದಲ್ಲಿ, ರೇಡಿಯೇಟರಿನ ಹಿಂಬದಿಗೆ, ಗಾಳಿಯನ್ನು ಎಳೆಯುವಂತೆ ಫ್ಯಾನುಗಳನ್ನು ಕೂಡಿಸಿದ. ಮುಂದೆ ಕೂಡಿಸಿದರೆ ಓಡುವಾಗ ಎದುರುಗಾಳಿಗೇ ಅಡ್ಡಿ. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಗಿಯುವವರಿದ್ದಾರೆ. ಅಲುಗಾಟಕ್ಕೆ ಕೊಳವೆ ಸವೆದು ಸೋರುತ್ತದೆ. ಇವನು ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಹಾಕಿ, ತಗಡಿನ ಮುಸುಕು ಮಾಡಿ, ಎರಡು ಸುತ್ತುಗಳ ಗಾಳಿಯಲ್ಲ, ಇಡೀ ರೇಡಿಯೇಟರಿನ ಗಾಳಿ ಫ್ಯಾನುಗಳ ಮೂಲಕವೇ ಹಾಯುವಂತೆ ಮಾಡಿದ.

ಫ್ಯಾನಿನ ವಿದ್ಯುತ್ತು ಸಣ್ಣ ಸ್ವಿಚ್ಚಿನ ಮೂಲಕ ಹರಿಯಬಾರದು, ಸ್ವಿಚ್ಚು ಸುಡುತ್ತದೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ, ನಡುವೆ ರಿಲೇ. ಆ ರಿಲೇಗೆ ಅಪ್ಪಣೆ ಕೊಡುವುದಷ್ಟೇ ಸ್ವಿಚ್ಚಿನ ಕೆಲಸ. ರೇಡಿಯೇಟರಿಗೆ ಕೂಡಿಸಿದ ಉಷ್ಣತೆಯ ಸ್ವಿಚ್ಚು 92 ಡಿಗ್ರಿಗೆ ಫ್ಯಾನು ಹಚ್ಚಿ, 87ಕ್ಕೆ ಆರಿಸುತ್ತದೆ. ಥರ್ಮೋಸ್ಟಾಟ್ ತೆರೆಯುವುದೇ 82ರ ಆಸುಪಾಸಿನಲ್ಲಿ. ಸ್ವಿಚ್ಚು ಅದಕ್ಕಿಂತ ಕೆಳಗಿದ್ದರೆ ಫ್ಯಾನಿಗೆ ವಿರಾಮವೇ ಇಲ್ಲ. ಹವಾನಿಯಂತ್ರಣ ಹಾಕಿದೊಡನೆ ಫ್ಯಾನು ತಾನಾಗಿ ತಿರುಗುವ ಏರ್ಪಾಡು, ಸ್ವಿಚ್ಚು ಕೆಟ್ಟರೆ ಕೈಯಿಂದ ಹಚ್ಚಲು ಒಂದು ಗುಂಡಿ, ಫ್ಯಾನು ತಿರುಗುವುದನ್ನು ತಿಳಿಸುವ ಹಸುರು ದೀಪ, ಇವೂ ಆದವು. ಕೊನೆಯ ಪರೀಕ್ಷೆ ನನ್ನದು: ಕಾರಿನ ಮುಂದೆ ಒಂದು ಹಾಳೆ ಹಿಡಿದೆ. ಅದು ಜಾಲರಿಗೆ ಹೋಗಿ ಅಂಟಿಕೊಂಡಿತು. ತಂತಿ ತಿರುವುಮುರುವಾಗಿದ್ದರೆ ಹಾಳೆ ನನ್ನ ಕಡೆಗೆ ಹಾರುತ್ತಿತ್ತು.

ಜೂನ್ ಮೊದಲ ವಾರದಲ್ಲಿ ಮಗನೇ ಊರಿಗೆ ಬಂದು ಕಾರು ನಡೆಸಿದ. ಮಳೆ ಹಿಂದೆಗೆದ, ಬಿಸಿಲು ಕಾದ ಮಧ್ಯಾಹ್ನ. ಗೊರಗುಂಟೆಪಾಳ್ಯದಿಂದ ಯಶವಂತಪುರ ದಾಟಲು ನಲವತ್ತು ನಿಮಿಷ ಹಿಡಿಯಿತು. ಕಿಟಕಿ ಇಳಿಸಲಿಲ್ಲ. ಹಸುರು ದೀಪ ಉರಿಯುತ್ತಿತ್ತು, ಮುಳ್ಳು ನಡುವಿನಿಂದ ಒಂದು ಕೂದಲೆಳೆ ಮೇಲೇರಿ ಅಲ್ಲಿಯೇ ನಿಂತಿತು. ಹಿಂದಿನ ಆಸನದಲ್ಲಿ ಅತ್ತಿಗೆ ನಿದ್ದೆಹೋಗಿದ್ದರು. ಮಗ ಕನ್ನಡಿಯಲ್ಲಿ ತಾಯಿಯನ್ನು ನೋಡಿದ. ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹಳೆಯ ಕಾರನ್ನು ಮೂಲರೂಪದಲ್ಲಿಯೇ ಇರಿಸಬೇಕೆನ್ನುವ ನೆಂಟರಿಗೆ ಒಂದು ಮಾತು. ಕಳಚಿದ ಅಲಗುಗಳನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಣ್ಣನ ಔಷಧದ ಪೆಟ್ಟಿಗೆಯ ಪಕ್ಕದಲ್ಲಿ ಇರಿಸಿದ್ದೇವೆ. ನಾಲ್ಕು ಬೋಲ್ಟು ಬಿಗಿದರೆ ಕಾರು ಮೊದಲಿನಂತಾಗುತ್ತದೆ. ಅಲ್ಲಿಯವರೆಗೆ ಅದು ನಮ್ಮ ಅತ್ತಿಗೆಯನ್ನು ವೈದ್ಯರ ಬಳಿಗೆ ಕರೆದೊಯ್ಯಲಿ. ಅಣ್ಣ ಅದನ್ನು ಕೊಂಡದ್ದೂ ರೋಗಿಗಳ ಸಲುವಾಗಿಯೇ ಅಲ್ಲವೇ?

ಮನೆಯಲ್ಲಿ ಹಳೆಯ ಕಾರಿರುವ ಶಿಷ್ಯರು ಬೇಸಗೆಗೆ ಮುನ್ನ ರೇಡಿಯೇಟರಿನ ಮುಚ್ಚಳವನ್ನು ಪರೀಕ್ಷಿಸಿಕೊಳ್ಳಿರಿ. ತಣ್ಣಗಿರುವಾಗ ಮಾತ್ರ ತೆರೆಯಿರಿ. ಎಲ್ಲರಿಗೂ ಶುಭವಾಗಲಿ.