ಎಲೆಗಳ ಮೇಲುಕೀಳು

ಇಸ್ಪೀಟಿನ ರಾಜನ ತಲೆಯ ಮೇಲೆ ಕಿರೀಟವಿದ್ದರೂ ಎಕ್ಕದೆದುರು ಅವನು ಸೋಲಲೇಬೇಕು. ಏಕೆಂದು ಕೇಳಿದರೆ 'ರೂಢಿ' ಎಂಬುದೊಂದೇ ಉತ್ತರ. ಹಳೆಯ ದಶಾವತಾರ ಗಂಜೀಫಾದ 120 ಎಲೆಗಳಲ್ಲಿ ಅರ್ಧದಷ್ಟು ಅವತಾರಗಳಿಗೆ ಹತ್ತು ಮೇಲು, ಉಳಿದರ್ಧಕ್ಕೆ ಒಂದೇ ಮೇಲು. ರಾಜ, ಮಂತ್ರಿಗಳು ಮಾತ್ರ ಎಲ್ಲಿಯೂ ಕೆಳಗಿಳಿಯುವುದಿಲ್ಲ!

ಆದರೆ ಕೈಗಳ ಮೇಲುಕೀಳಿಗೆ ಒಂದು ಲೆಕ್ಕವಿದೆ. ಅಪರೂಪವಾದುದು ಮೇಲು, ಸಾಮಾನ್ಯವಾದುದು ಕೀಳು. ಪೋಕರ್ ಆಟದಲ್ಲಿ ಐದೆಲೆಯ ಕೈಗಳು ಒಟ್ಟು 25,98,960. ಅವುಗಳಲ್ಲಿ ಸಾಲುಗೂಡದ, ಒಂದೇ ಜಾತಿಯ ಐದೆಲೆ ಬರುವವು 5,108. ಬೆರಕೆ ಜಾತಿಯ ಸಾಲುಗಳು 10,200. ಆದುದರಿಂದ ಒಂದೇ ಜಾತಿಯ ಕೈ ಸಾಲನ್ನು ಗೆಲ್ಲುತ್ತದೆ. ದೀಪಾವಳಿ ಬಂತೆಂದರೆ ನಮ್ಮ ಕಡೆ ಕಟ್ಟೆಯೇರುವ ಮೂರೆಲೆಯ ಆಟದಲ್ಲಿ ಇದು ತಿರುವುಮುರುವು. ಅಲ್ಲಿ ಒಟ್ಟು 22,100 ಕೈ. ಬೆರಕೆ ಸಾಲು 720, ಒಂದೇ ಜಾತಿಯವು 1,096. ಆದಕಾರಣ ಸಾಲೇ ಮೇಲು. ಎಲೆಗಳು ಅವೇ; ಕೂಟ ಕಿರಿದಾದೊಡನೆ ಯೋಗ್ಯತೆ ಅದಲುಬದಲು!

ಇನ್ನೊಂದು ಸ್ವಾರಸ್ಯವುಂಟು. ಮೂರೆಲೆಯಲ್ಲಿ ಎಲ್ಲಕ್ಕೂ ಮೇಲಿನದು ಮೂರು ಎಕ್ಕ, ಮೂರು ರಾಜ ಇಂಥ ಸಮಾನ ಎಲೆಗಳ ಕೈ. ಇಂಥವು 52. ಅದರ ಕೆಳಗಿರುವ ಒಂದೇ ಜಾತಿಯ ಸಾಲುಗಳು 48 ಮಾತ್ರ. ನ್ಯಾಯವಾಗಿ ಇವು ಮೇಲೇರಬೇಕು.

ಸಂಖ್ಯಾಶಾಸ್ತ್ರದ ಪಾಠ ಕೇಳಿದ ಹುಮ್ಮಸ್ಸಿನಲ್ಲಿ ಈ ಲೆಕ್ಕವನ್ನೆಲ್ಲ ಮುಗದದ ನಮ್ಮ ಮನೆಯಲ್ಲಿ ಕಾಕಾನ ಮುಂದೆ ಬಿಚ್ಚಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ನಾಕು ಕೈ ಸಲುವಾಗಿ ಹಿರ್ಯಾರು ಮಾಡಿದ್ದು ಮುರೀಬೇಕೇನ ತಮ್ಮಾ?" ಎಂದು ನಕ್ಕರು. ಆಮೇಲೆ ತುಸು ತಡೆದು, "ಮೂರೂ ಎಕ್ಕಾ ಎಷ್ಟು ಸಲಕ್ಕ ಒಮ್ಮೆ ಬರ್ತಾವ?" ಎಂದು ಕೇಳಿದರು.

"ಸರಾಸರಿ 5,525 ಸಲಕ್ಕೊಮ್ಮೆ, ಕಾಕಾ."

ಅವರು ನಗಲಿಲ್ಲ. ಕೆರೆಯ ಕೆಳಗಿದ್ದ ಅವರ ಪಾಲಿನ ಭತ್ತದ ಗದ್ದೆಯನ್ನು ಎರಡು ದೀಪಾವಳಿಗಳು ನುಂಗಿದ್ದವು. "ಗದ್ದಿ ಇದ್ದಾಗ ಇದನ್ನ ಹೇಳಾವ್ರು ಮನ್ಯಾಗ ಯಾರೂ ಇರ್ಲಿಲ್ಲ ನೋಡು" ಎಂದರು.

ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮುಖ ಕಂಡವನು ನಾನೇ ಮೊದಲಿಗ. ನಮ್ಮ ಓಣಿಯಲ್ಲಿ ನಾನು ಮೂರು ಎಕ್ಕದ ಕೈ. ರೈಲು ಹತ್ತಿ ಧಾರವಾಡದಲ್ಲಿಳಿದರೆ ಬರಿಯ ಒಂದು ಜೋಡಿ. ಅಂಥವು 22,100ರಲ್ಲಿ 3,744! ಪದವಿಯ ಬೆಲೆ ಕೂಟವನ್ನು ನೋಡಿ ಏರುತ್ತದೆ, ಇಳಿಯುತ್ತದೆ. ಅದಕ್ಕಾಗಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕಲಿತ ಲೆಕ್ಕದ ಬೆಲೆ ಮಾತ್ರ ಹಾಗೆ ಬದಲಾಗದು. ಕಾಕಾನ ಗದ್ದೆ ಮರಳಿ ಬಾರದು, ನಿಜ. ಆದರೆ ಗದ್ದೆಯಿನ್ನೂ ಕೈಯಲ್ಲಿರುವ ಹುಡುಗರು ನಮ್ಮೂರಲ್ಲಿ ಬಹಳ ಮಂದಿ ಇದ್ದಾರೆ. ಬರುವ ದೀಪಾವಳಿಗೆ ಎಲೆ ಹಂಚುವ ಮೊದಲೇ ಕಟ್ಟೆಗೆ ಹೋಗಿ ಅವರಿಗೆ ಈ 5,525ರ ಕಥೆ ಹೇಳಬೇಕೆಂದಿದ್ದೇನೆ. ಕೇಳುವವರು ಒಬ್ಬರಾದರೂ ಸಿಕ್ಕರೆ ನಾನು ಓದಿದ್ದು ಸಾರ್ಥಕ.