ಗಾಡಿ ಹೋದರೆ ಮೊದಲು ಠಾಣೆ, ಆಮೇಲೆ ಹುಡುಕಾಟ

ನಾಟಿ ವಿಷಯ ಬರೀಬೇಕು ಅಂತಿದ್ದೆ, ಅದು ಮುಂದಿನ ವಾರಕ್ಕಿರಲಿ. ಈ ತಿಂಗಳು ನಮ್ಮ ನಾಲೆ ಏರಿ ಮೇಲಿಂದ ಎರಡು ಬೈಕ್ ಹೋದವು. ಒಂದು ನಮ್ಮ ಪಕ್ಕದ ಗದ್ದೆ ಹುಡುಗಂದು. ಬೆಳಗಿನ ಜಾವ ನೀರು ಕಟ್ಟೋಕೆ ಬಂದವನು ಏರಿ ಮೇಲೆ ನಿಲ್ಲಿಸಿ ಇಳಿದಿದ್ದಾನೆ, ಅರ್ಧ ಗಂಟೇಲಿ ಗಾಡಿ ಇಲ್ಲ.

ಮೂರು ದಿನ ಗುಜರಿ ಅಂಗಡಿ, ಸಂತೆ, ಕಬ್ಬು ಕಡಿಯೋರ ಗುಡಿಸಲು ಎಲ್ಲಾ ಹುಡುಕಿದರು. ಹೊಟ್ಟೆಪಾಡಿಗೆ ಬಂದೋರ ಮೇಲೆ ಅನುಮಾನ ಪಟ್ಟಿದ್ದು ನನಗಂತೂ ಹಿಡಿಸಲಿಲ್ಲ. ದೇವರ ಹತ್ರ ಹೂವೂ ಕೇಳಿದರು. ಠಾಣೆಗೆ ಮಾತ್ರ ಹೋಗಲಿಲ್ಲ. ಕೇಳಿದ್ರೆ, "ಹೋದ್ ಗಾಡಿ ಬತ್ತದಾ ಮಾವ, ಸುಮ್ನೆ ಅಲೆದಾಟ" ಅಂದ.

ಗಾಡಿ ಬರದೇ ಇರಬಹುದು. ಆದರೆ ಕದ್ದವನು ಅದರಲ್ಲೇ ಸರ ಕಿತ್ತರೆ, ಯಾರಿಗಾದ್ರೂ ಗುದ್ದಿ ಓಡಿದರೆ, ನಂಬರ್ ಹಿಡಿದು ಪೊಲೀಸರು ಬರೋದು ನಿಮ್ಮ ಮನೆಗೆ. ಆಗ ಕಳುವಾಗಿದೆ ಅನ್ನೋಕೆ ಕೈಯಲ್ಲಿ ಎಫ್‌ಐಆರ್ ಇರಬೇಕು.

ಇನ್ನೊಂದು ವಿಮೆ. 2010ರಲ್ಲಿ ಗುರ್ಶಿಂದರ್ ಸಿಂಗ್ ಅನ್ನೋರ ಟ್ರ್ಯಾಕ್ಟರ್ ಕಳುವಾಯ್ತು. ಅವತ್ತೇ ಎಫ್‌ಐಆರ್ ಮಾಡಿಸಿದರು, ವಿಮೆ ಕಂಪನಿಗೆ ಹೇಳಿದ್ದು ಒಂದೂವರೆ ತಿಂಗಳ ಮೇಲೆ. ತಡವಾಯ್ತು ಅಂತ ಕಂಪನಿ ದುಡ್ಡು ಕೊಡಲಿಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದನ್ನೇ ನೆಪ ಮಾಡಿ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ ತೀರ್ಪು ಕೊಟ್ಟರು. ಆ ಮನುಷ್ಯನ್ನ ಕಾಪಾಡಿದ್ದು ಅವತ್ತಿನ ದಿನದ ದೂರು. ಹಂಗಂತ ನೀವು ಕಂಪನಿಗೆ ತಡ ಮಾಡಬೇಡಿ, ಅವತ್ತೇ ಫೋನ್ ಮಾಡಿ.

ನಾಲ್ಕನೇ ದಿನ ಹುಡುಗನ್ನ ನಾನೇ ಕರಕೊಂಡು ಹೋದೆ. "ಇನ್ನೆರಡು ದಿನ ನೋಡಿ, ಸಿಗಬಹುದು" ಅಂದರು. ನಾವು ಬರೆದುಕೊಂಡು ಹೋಗಿದ್ದ ದೂರನ್ನ ಮೇಜಿನ ಮೇಲಿಟ್ಟು ಅಲ್ಲೇ ಕೂತ್ವಿ. ಸಂಜೆ ಹೊತ್ತಿಗೆ ಎಫ್‌ಐಆರ್ ಆಯ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತಗೊಳ್ಳಲ್ಲ ಅಂದರೆ ಅದೇ ದೂರನ್ನ ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಆನ್‌ಲೈನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಹುಡುಗಂದು ಬರೀ ಥರ್ಡ್ ಪಾರ್ಟಿ ವಿಮೆ. ಅದರಲ್ಲಿ ಕಳುವಿಗೆ ಒಂದು ರೂಪಾಯೂ ಬರಲ್ಲ. ಫುಲ್ ವಿಮೆ ಇದ್ದೋರಿಗೆ ಎರಡೂ ಕೀ, ಆರ್‌ಸಿ ಕೇಳ್ತಾರೆ. ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಹಾಕೋ 'ಸಿ' ರಿಪೋರ್ಟೂ ಬೇಕು. ಸ್ಪೇರ್ ಕೀ ಹಟ್ಟಿ ಗೂಡಲ್ಲಿ ಎಸೆದಿದ್ದರೆ ಇವತ್ತೇ ಹುಡುಕಿ ಬೀರುವಿಗಿಡಿ. ತೀರಿಹೋದ ಅಪ್ಪನ ಹೆಸರಲ್ಲೇ ಆರ್‌ಸಿ ಇಟ್ಟುಕೊಂಡು ಓಡಿಸೋರು ನಮ್ಮೂರಲ್ಲೇ ಎಷ್ಟು ಜನ! ಕಳುವಾದ ಮೇಲೆ ಹೆಸರು ಬದಲಾಯಿಸ್ತೀನಿ ಅಂದ್ರೆ ಆಗುತ್ತಾ?

ಹಳೇ ಬೈಕಿನ ಲಾಕ್ ಸವೆದು ಯಾವ ಕೀ ಹಾಕಿದ್ರೂ ತಿರುಗುತ್ತೆ. ಹ್ಯಾಂಡಲ್ ಲಾಕ್ ನಂಬಬೇಡಿ. ದನ ಕಟ್ಟೋ ಸರಪಳೀನೇ ಚಕ್ರಕ್ಕೆ ಸುತ್ತಿ ಹೊಂಗೆ ಮರಕ್ಕೆ ಬೀಗ ಹಾಕಿ. ಟ್ರ್ಯಾಕ್ಟರಿಗೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿ, ಅದು ಎಲ್ಲಿದೆ ಅಂತ ಡ್ರೈವರಿಗಷ್ಟೇ ಗೊತ್ತಿರಲಿ. ಚಾಸಿ ನಂಬರ್, ಎಂಜಿನ್ ನಂಬರ್ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ. ದೂರು ಬರೆಯುವಾಗ ಅದೇ ಮೊದಲು ಬೇಕಾಗೋದು.

ಟ್ರೇಲರ್ ಕಥೆ ಇನ್ನೂ ಕಷ್ಟ. ಸುಮಾರು ಜನ ರಿಜಿಸ್ಟ್ರೇಷನ್ನೇ ಮಾಡಿಸಿಲ್ಲ, ಬಣ್ಣ ಬಳಿದರೆ ಯಾರದ್ದು ಅಂತ ಹೇಳೋರಿಲ್ಲ. ರಿಜಿಸ್ಟ್ರೇಷನ್ ಮಾಡಿಸಿ, ಜೊತೆಗೆ ಅಡಿಭಾಗದ ಚಾನೆಲ್ ಮೇಲೆ ವೆಲ್ಡಿಂಗಲ್ಲಿ ಗುರುತು ಹಾಕಿಸಿ. ಭಾನುವಾರ ವೆಲ್ಡರ್ ನಮ್ಮ ಕಣಕ್ಕೆ ಬರ್ತಾನೆ. ಬೇಕಾದೋರು ಹತ್ತು ಗಂಟೆ ಒಳಗೆ ಟ್ರೇಲರ್ ತನ್ನಿ, ಆಮೇಲೆ ಕರೆಂಟ್ ಇರಲ್ಲ.